ಮಕ್ಕಳ ಫೋಟೋಗ್ರಫಿ ತರಗತಿ: ಕ್ಯಾಮೆರಾಕ್ಕಿಂತ ಮೊದಲು ಗಡಿಯಾರ ನೋಡಿ

ಪ್ರಶ್ನೆ: ನಾನು ಹವ್ಯಾಸಿ ಫೋಟೋಗ್ರಾಫರ್. ಹತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ, ಆದರೆ ಯಾವತ್ತೂ ಪಾಠ ಮಾಡಿದವಳಲ್ಲ. ನಮ್ಮ ಹತ್ತಿರದ ಗ್ರಂಥಾಲಯದವರು ರಜೆಯಲ್ಲಿ 8ರಿಂದ 12 ವರ್ಷದ 16 ಮಕ್ಕಳಿಗೆ ಫೋಟೋಗ್ರಫಿ ಹೇಳಿಕೊಡಿ ಅಂತ ಕೇಳಿದ್ದಾರೆ. ಆರು ತರಗತಿ, ಒಂದೊಂದೂ 90 ನಿಮಿಷ. ಹೇಗಿರುತ್ತೆ ನೋಡೋಣ ಅಂತ ಕಳೆದ ವಾರ ಒಂದು ತರಗತಿ ಮಾಡಿದೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಗಲ), ಶಟರ್ (ಬೆಳಕನ್ನು ಎಷ್ಟು ಹೊತ್ತು ಒಳಗೆ ಬಿಡುತ್ತೆ ಅನ್ನೋದು), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) ಬಗ್ಗೆ 40 ನಿಮಿಷ ಸ್ಲೈಡ್ ತೋರಿಸಿದೆ. ಹತ್ತನೇ ನಿಮಿಷಕ್ಕೇ ಅರ್ಧ ಮಕ್ಕಳು ಮೇಜಿನ ಕೆಳಗಿದ್ದರು. ಆಮೇಲೆ ಹೊರಗೆ ಬಿಟ್ಟರೆ ಒಬ್ಬೊಬ್ಬರೂ ನೂರು ಫೋಟೋ ಹೊಡೆದುಕೊಂಡು ಬಂದರು, ನೋಡೋಕೆ ಸಮಯವೇ ಉಳಿಯಲಿಲ್ಲ. ಒಬ್ಬಳು ಹುಡುಗಿ ತನ್ನ ಫೋಟೋ ಎಲ್ಲಾ ಮಸುಕು ಅಂತ ಅತ್ತುಬಿಟ್ಟಳು. ಹೆಚ್ಚಿನವರ ಕೈಯಲ್ಲಿ ಅಪ್ಪ ಅಮ್ಮನ ಫೋನ್, ಇಬ್ಬರ ಹತ್ತಿರ ಆಟಿಕೆ ಕ್ಯಾಮೆರಾ, ಒಬ್ಬನ ಹತ್ತಿರ ಅವರಪ್ಪನ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ). ಯಾವ ಕ್ಯಾಮೆರಾ ಕೊಡಿಸಬೇಕು ಅಂತ ಪೋಷಕರು ಕೇಳುತ್ತಿದ್ದಾರೆ. ಬೇಸಿಕ್ಸ್ ಬಿಟ್ಟರೆ ಅದು ಪಾಠವೇ ಅಲ್ಲ ಅನ್ನಿಸುತ್ತೆ, ಕಲಿಸಿದರೆ ಮಕ್ಕಳು ಕೇಳಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮಗಾದದ್ದು ನನಗೂ ಆಗಿದೆ, ಇನ್ನೂ ಜೋರಾಗಿ ಆಗಿದೆ. ನನ್ನ ಮೊದಲ ತರಗತಿಯಲ್ಲಿ ಎಲ್ಲರನ್ನೂ ಉತ್ಸಾಹದಿಂದ ಹೊರಗೆ ಬಿಟ್ಟೆ, ರಾಶಿ ಫೋಟೋ ಬಂತು, ಅಷ್ಟರಲ್ಲಿ ಪೋಷಕರು ಕರೆದುಕೊಂಡು ಹೋಗೋಕೆ ಬಂದು ನಿಂತಿದ್ದರು. ಒಬ್ಬ ಪುಟ್ಟ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ, "ನನ್ನ ಫೋಟೋ ಯಾವಾಗ ನೋಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿಂದ ನಾನು ತರಗತಿಯ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಮಾಡುತ್ತೇನೆ. ಫೋಟೋ ನೋಡೋಕೆ ಎಷ್ಟು ಹೊತ್ತು ಬೇಕು ಅಂತ ಮೊದಲು ಲೆಕ್ಕ, ಉಳಿದದ್ದೆಲ್ಲಾ ಆಮೇಲೆ.

ನಿಮ್ಮ ಲೆಕ್ಕವನ್ನೇ ಹಾಕೋಣ. 16 ಮಕ್ಕಳು ನೂರು ನೂರು ತೆಗೆದರೆ 1600 ಫೋಟೋ. ಒಂದಕ್ಕೆ ಬರೀ 3 ಸೆಕೆಂಡ್ ಕೊಟ್ಟರೂ 80 ನಿಮಿಷ ಹೋಯಿತು. 3 ಸೆಕೆಂಡಿನಲ್ಲಿ ಯಾರೂ ಏನೂ ಕಲಿಯಲ್ಲ. ಅದೇ ಒಬ್ಬೊಬ್ಬರಿಂದ ಎರಡೇ ಫೋಟೋ, ಒಂದಕ್ಕೆ ಒಂದೂವರೆ ನಿಮಿಷ ಅಂದುಕೊಳ್ಳಿ, 48 ನಿಮಿಷ. ಇದು ಆಗುವ ಮಾತು. ಆದರೆ 8 ವರ್ಷದವರು ಒಂದೇ ಕಡೆ 48 ನಿಮಿಷ ಕೂರಲ್ಲ. ಹಾಗಾಗಿ ಎಂಟೆಂಟರ ಎರಡು ಗುಂಪು ಮಾಡಿ, ಇನ್ನೊಬ್ಬರು ದೊಡ್ಡವರನ್ನು ಸಹಾಯಕ್ಕೆ ಕರೆಯಿರಿ. ಅವರಿಗೆ ಫೋಟೋಗ್ರಫಿ ಬರದಿದ್ದರೂ ನಡೆಯುತ್ತೆ, ಮಕ್ಕಳು ರಸ್ತೆಗೆ ಓಡದಂತೆ ನೋಡಿಕೊಂಡರೆ ಸಾಕು.

ಮೊದಲ 10 ನಿಮಿಷ ಎಲ್ಲರೂ ಒಟ್ಟಿಗೆ, ಆವತ್ತಿನ ಒಂದು ವಿಷಯ. ಆಮೇಲೆ ಮೊದಲ ಗುಂಪು 20 ನಿಮಿಷ ಹೊರಗೆ ಫೋಟೋ ತೆಗೆಯಲಿ, ಎರಡನೇ ಗುಂಪು ಒಳಗೆ ಕೈಕೆಲಸ ಮಾಡಲಿ. ಮೊದಲ ಗುಂಪು ವಾಪಸ್ ಬಂದು 10 ನಿಮಿಷ ಆರಿಸಿ, 24 ನಿಮಿಷ ನಿಮ್ಮ ಜೊತೆ ಕೂತು ನೋಡುವಾಗ ಎರಡನೆಯವರು ನಿಮ್ಮ ಸಹಾಯಕರ ಜೊತೆ ಹೊರಗೆ ಹೋಗಿ ಬಂದು ತಮ್ಮ ಎರಡನ್ನು ಆರಿಸಿಕೊಳ್ಳುತ್ತಾರೆ. ಕೊನೆಯ 24 ನಿಮಿಷ ಅವರದ್ದು, ಆಗ ಮೊದಲ ಗುಂಪಿಗೆ ಕೈಕೆಲಸ. ಒಟ್ಟು 88 ನಿಮಿಷ. ಎರಡು ನಿಮಿಷ ಉಳಿಯಿತು, ಅದು ನೀರು ಕುಡಿಯೋಕೆ, ಕಳೆದುಹೋದ ಲೆನ್ಸ್ ಕ್ಯಾಪ್ ಹುಡುಕೋಕೆ. ನಿಜ ಹೇಳಬೇಕಂದರೆ ಎರಡು ನಿಮಿಷ ಸಾಲಲ್ಲ, ಮೊದಲ ವಾರ ಎಲ್ಲವೂ ತಡವಾಗುತ್ತೆ. ತಡವಾದಾಗ ಫೋಟೋ ತೆಗೆಯುವ ಸಮಯ ಕಡಿಮೆ ಮಾಡಿ, ನೋಡುವ ಸಮಯ ಮುಟ್ಟಬೇಡಿ.

ಇದಕ್ಕೆ ಜೊತೆಯಾಗಿ ಒಂದು ನಿಯಮ ಬೇಕು: ಒಬ್ಬರಿಗೆ 12 ಕ್ಲಿಕ್. ಹಿಂದೆ "120" ಅನ್ನುವ ಗಾತ್ರದ ಒಂದು ಫಿಲ್ಮ್ ರೋಲ್ ಹಾಕಿ ಚೌಕ ಫೋಟೋ ತೆಗೆಯುವ ಕ್ಯಾಮೆರಾಗಳಲ್ಲಿ ಬರುತ್ತಿದ್ದದ್ದೇ 12 ಚಿತ್ರ. ಮಕ್ಕಳಿಗೆ ಅದನ್ನೇ ಕಥೆ ಮಾಡಿ ಹೇಳಿ. "ನಿಮ್ಮ ರೋಲಿನಲ್ಲಿ 12 ಇದೆ, ಮುಗಿದರೆ ಮುಗಿಯಿತು." ಅಳಿಸೋದು ಇಲ್ಲ, ಇದನ್ನು ಖಡಾಖಂಡಿತವಾಗಿ ಹೇಳಿ. ಅಳಿಸಲು ಬಿಟ್ಟರೆ 12 ಅನ್ನೋದು ಬರೀ ಮಾತಾಗುತ್ತೆ, ಜೊತೆಗೆ ಮಕ್ಕಳು ಅಳಿಸುವುದು ಹೆಚ್ಚಾಗಿ ಅತ್ಯಂತ ಕುತೂಹಲದ ಫೋಟೋವನ್ನೇ. ಮೊದಲ ದಿನ ಗೊಣಗುತ್ತಾರೆ. ಐದೇ ನಿಮಿಷದಲ್ಲಿ 12 ಮುಗಿಸಿ ಸುಮ್ನೆ ಕೂರುವವರೂ ಇರುತ್ತಾರೆ. ಕೂರಲಿ ಬಿಡಿ. ಎರಡನೇ ವಾರ ಅವರೇ ಒಂದು ಫೋಟೋಗೆ ಮೂರು ಸಲ ಜಾಗ ಬದಲಿಸುತ್ತಾರೆ.

ಈಗ ನಿಮ್ಮ ಬೇಸಿಕ್ಸ್ ವಿಷಯ. ಅಪರ್ಚರ್, ಶಟರ್, ಐಎಸ್‌ಒ ತ್ರಿಕೋನ ಮೊದಲು ಬರಬೇಕು ಅನ್ನುವುದು ನಾವು ದೊಡ್ಡವರು ಕಲಿತ ಕ್ರಮ, ಅಷ್ಟೇ. ಅದು ಫಿಲ್ಮ್ ಕಾಲದ ಕ್ರಮ ಕೂಡ. ಆಗ ಈ ಮೂರರ ಲೆಕ್ಕ ತಪ್ಪಿದರೆ ಚಿತ್ರವೇ ಬರುತ್ತಿರಲಿಲ್ಲ, ದುಡ್ಡೂ ದಂಡ. ಇವತ್ತಿನ ಫೋನ್ ಆ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತೆ, ಹೆಚ್ಚಿನ ಫೋನ್‌ಗಳಲ್ಲಿ ಅಪರ್ಚರ್ ಬದಲಿಸೋಕೆ ಬರುವುದೂ ಇಲ್ಲ. ಕೈಯಲ್ಲಿ ತಿರುಗಿಸಲಾಗದ ಒಂದು ಗುಂಡಿಯ ಬಗ್ಗೆ 40 ನಿಮಿಷ ಕೇಳು ಅಂದರೆ ನಾನೂ ಮೇಜಿನ ಕೆಳಗೆ ಹೋಗುತ್ತಿದ್ದೆ.

ಹಾಗಂತ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ ಇದೆ, ಅದು ನನಗೆ ಇನ್ನೂ ಕಿರಿಕಿರಿ. "ಮಕ್ಕಳಿಗೆ ಹುಟ್ಟಿನಿಂದಲೇ ಕಣ್ಣು ಇರುತ್ತೆ, ಏನೂ ಹೇಳಿಕೊಡಬೇಡಿ, ಸ್ವತಂತ್ರವಾಗಿ ಬಿಡಿ." ಕೇಳೋಕೆ ಚೆಂದ. ಬಿಟ್ಟು ನೋಡಿದರೆ ಗೊತ್ತಾಗುತ್ತೆ, ಎಲ್ಲರೂ ತಮ್ಮ ಕಣ್ಣಿನ ಎತ್ತರದಿಂದಲೇ, ನಿಂತಲ್ಲಿಂದಲೇ, ವಸ್ತುವನ್ನು ಸರಿಯಾಗಿ ಮಧ್ಯದಲ್ಲಿಟ್ಟು ತೆಗೆಯುತ್ತಾರೆ. ದೂರ ಇದ್ದರೆ ಬೆರಳಿಂದ ಹಿಗ್ಗಿಸಿ ಜೂಮ್ ಮಾಡುತ್ತಾರೆ, ಅದು ಬಹಳಷ್ಟು ಸಲ ಇರುವ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುವ ಕೆಲಸ, ಚಿತ್ರ ಒಡೆದ ಹಾಗೆ ಕಾಣುತ್ತೆ. ಅವರಿಗೆ ಕಣ್ಣಿಲ್ಲ ಅಂತಲ್ಲ. "ಹತ್ತಿರ ಹೋಗು", "ನೆಲಕ್ಕೆ ಕೂತು ನೋಡು", "ನಾಲ್ಕೂ ಅಂಚಿನಲ್ಲಿ ಏನಿದೆ ನೋಡಿ ಆಮೇಲೆ ಒತ್ತು" ಅಂತ ಯಾರೋ ಒಬ್ಬರು ಹೇಳಬೇಕು, ಅಷ್ಟೇ. ಮೂರನೇ ಒಂದು ಭಾಗದ ನಿಯಮ, ಅಂದರೆ ಗೆರೆ ಹಾಕಿ ವಸ್ತುವನ್ನು ಪಕ್ಕಕ್ಕಿಡುವುದು, ಅದನ್ನು ಮೊದಲೇ ಕಲಿಸಿದರೆ ಎಲ್ಲರ ಫೋಟೋನೂ ಒಂದೇ ಥರ ಆಗುತ್ತೆ. ಅಂಚು ನೋಡುವ ಅಭ್ಯಾಸ ಬಂದ ಮೇಲೆ ಬೇಕಾದರೆ ಹೇಳಿ. ನಾನು ಹೇಳುವುದೇ ಇಲ್ಲ.

ಅತ್ತ ಹುಡುಗಿಗೆ ಬರೋಣ. ನಿಮ್ಮ ಬೇಸಿಕ್ಸ್ ಪಾಠ ಅವಳ ಫೋಟೋದಲ್ಲೇ ಇದೆ. ಮಸುಕು ಅನ್ನುವುದು ಒಂದು ತೊಂದರೆ ಅಲ್ಲ, ಕನಿಷ್ಠ ನಾಲ್ಕು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಗೋಡೆ, ಮರ ಸ್ಪಷ್ಟವಾಗಿದ್ದು ಓಡುವ ಗೆಳತಿ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಗೆಳತಿ. ಹೂವು ಮಸುಕಾಗಿ ಹಿಂದಿನ ಬೇಲಿ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದ ಜಾಗಕ್ಕೆ ಹೋಗಿದೆ. ಎಲ್ಲದರ ಮೇಲೂ ಮಂಜು ಕವಿದ ಹಾಗಿದ್ದು, ಬೆಳಕು ಸುತ್ತ ಹರಡಿದ್ದರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡು. ಮಕ್ಕಳ ಕೈಗೆ ಬಂದ ಫೋನ್‌ನಲ್ಲಿ ನಾನು ಮೊದಲು ಅನುಮಾನಿಸುವುದು ಜಿಡ್ಡನ್ನೇ, ಪ್ರತಿ ತರಗತಿ ಮೆತ್ತಗಿನ ಬಟ್ಟೆಯಿಂದ ಲೆನ್ಸ್ ಒರೆಸುವುದರಿಂದ ಶುರುವಾಗಲಿ. ಅವಳ ಹತ್ತಿರ ಇದ್ದದ್ದು ಆಟಿಕೆ ಕ್ಯಾಮೆರಾ ಆಗಿದ್ದರೆ ಐದನೇ ಕಾರಣವೂ ಇದೆ: ಅವುಗಳಲ್ಲಿ ಬಹುಪಾಲು ಫೋಕಸ್ ಒಂದೇ ದೂರಕ್ಕೆ ಕೂರಿಸಿಟ್ಟಿರುತ್ತಾರೆ. ಗೇಣು ದೂರದಿಂದ ಹೂವು ತೆಗೆದರೆ ಯಾರು ತೆಗೆದರೂ ಮಸುಕೇ. ಅದು ಅವಳ ತಪ್ಪಲ್ಲ ಅಂತ ಅವಳಿಗೆ ಗೊತ್ತಾಗಬೇಕು.

ಎರಡನೇ ತರಗತಿ ಪೂರ್ತಿ ಇದಕ್ಕೇ ಇಡಿ. ಮಸುಕಿನ ಪತ್ತೇದಾರಿಕೆ. ನಿಮ್ಮದೇ ಹಾಳಾದ ಫೋಟೋಗಳನ್ನು ತನ್ನಿ (ಇದ್ದೇ ಇರುತ್ತವೆ, ಅಲ್ವಾ?), ಯಾವುದು ಕೈಯ ತಪ್ಪು, ಯಾವುದು ಫೋಕಸ್ ತಪ್ಪು ಅಂತ ಮಕ್ಕಳೇ ಹೇಳಲಿ. ಟೀಚರ್ ಫೋಟೋನೂ ಹಾಳಾಗುತ್ತೆ ಅಂತ ಗೊತ್ತಾದರೆ ಅಳು ಅರ್ಧ ಕಡಿಮೆ.

ಶಟರ್ ಕಲಿಸುವುದೂ ಇದೇ ದಿನ, ಒಂದು ಕಥೆಯ ಮೂಲಕ. 1838ರಲ್ಲಿ, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೆರ್ ಪ್ಯಾರಿಸ್‌ನ ಒಂದು ಗಿಜಿಗುಟ್ಟುವ ರಸ್ತೆಯ ಫೋಟೋ ತೆಗೆದ. ಗಾಡಿ, ಕುದುರೆ, ಜನ ಎಲ್ಲಾ ಇದ್ದ ರಸ್ತೆ ಅದು. ಫೋಟೋದಲ್ಲಿ ಮಾತ್ರ ಖಾಲಿ! ಆಗ ಚಿತ್ರ ಮೂಡೋಕೆ ಲೋಹದ ತಟ್ಟೆಯ ಮೇಲೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು, ಅಷ್ಟರಲ್ಲಿ ಓಡಾಡಿದವರೆಲ್ಲ ಅಳಿಸಿಹೋದರು. ಉಳಿದದ್ದು ಒಂದು ಮೂಲೆಯಲ್ಲಿ ಒಂದೇ ಕಡೆ ನಿಂತು ಶೂ ಪಾಲಿಶ್ ಮಾಡಿಸಿಕೊಳ್ಳುತ್ತಿದ್ದವನ ಆಕಾರ. ಆ ಫೋಟೋವನ್ನು ತೋರಿಸಿ, ಮನುಷ್ಯ ಎಲ್ಲಿದ್ದಾನೆ ಹುಡುಕಿ ಅನ್ನಿ. ಆಮೇಲೆ ಆ ಡಿಎಸ್‌ಎಲ್‌ಆರ್ ಎರವಲು ಪಡೆದು ಮೇಜಿನ ಮೇಲೆ ಗಟ್ಟಿಯಾಗಿ ಕೂರಿಸಿ. ಕೋಣೆಯ ದೀಪ ಕಡಿಮೆ ಮಾಡಿ, ಐಎಸ್‌ಒ 100, ಅಪರ್ಚರ್ ಎಫ್ 16ರ ಸುತ್ತ (ಅಂದರೆ ಸಣ್ಣ ಕಿಂಡಿ), ಶಟರ್ 4 ಸೆಕೆಂಡ್. ಚಿತ್ರ ತೀರಾ ಬೆಳ್ಳಗೆ ಅಥವಾ ಕಪ್ಪಗೆ ಬಂದರೆ ದೀಪ ಸರಿಮಾಡಿಕೊಳ್ಳಿ. ಒಬ್ಬಳು ಕುರ್ಚಿಯಲ್ಲಿ ಗೊಂಬೆ ಥರ ಕೂರಲಿ, ಉಳಿದವರು ಮುಂದೆ ಓಡಾಡಲಿ. ಕೂತವಳು ಬರುತ್ತಾಳೆ, ಓಡಾಡಿದವರು ಹೊಗೆ. ಕುರ್ಚಿಯಲ್ಲಿ ಕೂರಿಸಬೇಕಾದವಳು ಯಾರು ಅಂತ ನಾನು ಹೇಳಬೇಕಾಗಿಲ್ಲ.

ಇದಾದ ಮೇಲೆ "ಕತ್ತಲೆ ಇದ್ದಲ್ಲಿ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತೆ, ಅದಕ್ಕೇ ಕೈ ಅಲುಗಿದ್ದು ಕಾಣುತ್ತೆ" ಅಂದರೆ 8 ವರ್ಷದವರಿಗೂ ಅರ್ಥವಾಗುತ್ತೆ. ಮೊಣಕೈ ಹೊಟ್ಟೆಗೆ ಒತ್ತಿಕೊಳ್ಳೋದು, ಗೋಡೆಗೆ ಒರಗೋದು, ಕಿಟಕಿ ಹತ್ತಿರ ಹೋಗೋದು, ಎಲ್ಲಾ ಆಗ ಕಾರಣ ಗೊತ್ತಿದ್ದು ಮಾಡುವ ಕೆಲಸ. ಫೋನ್‌ನ ನೈಟ್ ಮೋಡ್ ಬಳಸಿದರೆ ಒತ್ತಿದ ತಕ್ಷಣ ಕೈ ಇಳಿಸಬಾರದು ಅಂತಲೂ ಹೇಳಿ, ಅದು ಹಲವು ಚಿತ್ರ ತೆಗೆದು ಒಂದಕ್ಕೊಂದು ಸೇರಿಸುತ್ತಿರುತ್ತೆ.

ಫೋಟೋ ನೋಡುವಾಗ ನಾನು ಒಂದು ಪದ ನಿಷೇಧಿಸುತ್ತೇನೆ: "ಚೆನ್ನಾಗಿದೆ". ಅದರ ಬದಲು, "ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯ್ತು?" ಅಂತ ಕೇಳಿ. ತೆಗೆದವರು ಕೊನೆಗೆ ಮಾತಾಡಲಿ. ಅವರು ತೋರಿಸಬೇಕಂತಿದ್ದದ್ದು ನಾಯಿ, ಎಲ್ಲರ ಕಣ್ಣೂ ಹೋದದ್ದು ಹಿಂದಿನ ಕೆಂಪು ಬಕೆಟ್‌ಗೆ. ಬಕೆಟ್ ಬಗ್ಗೆ ನೀವು ಏನೂ ಹೇಳಬೇಕಾಗಿಲ್ಲ. ಮೊದಲ ವಾರ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕುವ ಸಾಹಸಕ್ಕೆ ಹೋಗಬೇಡಿ, ಕೇಬಲ್ ಹುಡುಕೋದರಲ್ಲೇ ಅರ್ಧ ಗಂಟೆ ಹೋಗುತ್ತೆ. ಆರಿಸಿದ ಫೋಟೋ ತೆರೆದಿಟ್ಟ ಫೋನ್‌ಗಳನ್ನೇ ಮೇಜಿನ ಮೇಲೆ ಸಾಲಾಗಿ ಇಡಿ, ಪರದೆ ತಾನಾಗೇ ಆರದಂತೆ ಸೆಟ್ಟಿಂಗ್ ಬದಲಿಸಿ, ಸುತ್ತ ನಡೆದು ನೋಡಿ. ಮೂರನೇ ವಾರದಿಂದ ಸಣ್ಣ ಪ್ರಿಂಟ್ ಹಾಕಿಸಿದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಹಿಡಿದ ಫೋಟೋನ ಮಕ್ಕಳು ಬೇರೆ ಥರ ನೋಡುತ್ತಾರೆ.

ಇನ್ನು ಪೋಷಕರ ಪ್ರಶ್ನೆ. ಆರು ವಾರ ಏನೂ ಕೊಡಿಸಬೇಡಿ ಅಂತ ಹೇಳಿ. ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೋ ಚೆನ್ನಾಗಿ ಬರುತ್ತೆ ಅನ್ನೋದು ಅಂಗಡಿಯವರ ಮಾತು. ಎ4 ಹಾಳೆಯಷ್ಟು ದೊಡ್ಡ ಪ್ರಿಂಟನ್ನು ಇಂಚಿಗೆ 300 ಚುಕ್ಕಿಯಂತೆ ಹಾಕಿಸೋಕೂ 9 ಮೆಗಾಪಿಕ್ಸೆಲ್ ಒಳಗೇ ಸಾಕು. 1900ರಲ್ಲಿ ಕೊಡಾಕ್ ಕಂಪನಿ ಬ್ರೌನಿ ಅಂತ ಒಂದು ರಟ್ಟಿನ ಡಬ್ಬಿ ಕ್ಯಾಮೆರಾ ತಂದಿತು. ಸಾದಾ ಲೆನ್ಸ್, ಬೆಲೆ ಒಂದು ಡಾಲರ್, ಜಾಹೀರಾತು ಮಾಡಿದ್ದೇ ಮಕ್ಕಳಿಗೆ ಅಂತ. ಅದರಲ್ಲಿ ಫೋಟೋ ಕಲಿತವರು ಅಸಂಖ್ಯ.

ಆದರೂ ತರಗತಿಗೆ ಏನಾದರೂ ಬೇಕಲ್ಲ. ಫೋನ್ ಸುಲಭ, ಎಲ್ಲರ ಮನೆಯಲ್ಲೂ ಇರುತ್ತೆ, ಬೆಳಕು ಕಡಿಮೆ ಇದ್ದರೂ ನಡೆಯುತ್ತೆ. ಅಪಾಯ ಕ್ಯಾಮೆರಾದಲ್ಲಿಲ್ಲ, ಉಳಿದದ್ದರಲ್ಲಿದೆ. ಅದು ಅಪ್ಪ ಅಮ್ಮನ ಫೋನ್. ಅವರ ಮೆಸೇಜು, ಅವರ ಗ್ಯಾಲರಿ, ಮಧ್ಯೆ ಬರುವ ಕಾಲ್. ಒಮ್ಮೆ ಫೋಟೋ ನೋಡುವಾಗ ಒಬ್ಬ ಹುಡುಗ ಬೆರಳು ಒಂದು ಸಲ ಜಾಸ್ತಿ ಸರಿಸಿದ, ಯಾರದ್ದೋ ವೈದ್ಯಕೀಯ ವರದಿ ಎಲ್ಲರ ಮುಂದೆ ಬಂತು. ಅವತ್ತಿಂದ ಬಾಗಿಲಲ್ಲೇ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿಸುತ್ತೇನೆ. ಹೊರಗೆ ಹೋಗುವಾಗ ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ, ಐಫೋನ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಬಳಸಿ ಕ್ಯಾಮೆರಾ ಬಿಟ್ಟು ಬೇರೇನೂ ತೆರೆಯದ ಹಾಗೆ ಮಾಡಬಹುದು. ಮೇಜಿನ ಮೇಲೆ ಇಟ್ಟ ಫೋನ್‌ಗಳನ್ನು ಮುಟ್ಟುವ ಹಾಗಿಲ್ಲ, ಕೈ ಹಿಂದೆ ಕಟ್ಟಿಕೊಂಡು ನೋಡೋದು. ಮನೆಯ ಹಳೇ ಫೋನ್ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಕೆಲವರು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಸೇರಿಸಿ ಇಬ್ಬರಿಗೊಂದರಂತೆ ಕೊಡುತ್ತಾರೆ. ನನಗೆ ಇಷ್ಟವಾದ ದಾರಿ ಇದು. ಆಟ ಇಲ್ಲ, ಇಂಟರ್ನೆಟ್ ಇಲ್ಲ, ಮಣಿಕಟ್ಟಿಗೆ ದಾರ ಇರುತ್ತೆ. ಒಬ್ಬರು ತೆಗೆಯುವಾಗ ಇನ್ನೊಬ್ಬರು ಎಣಿಸುತ್ತಾರೆ, 12 ಕ್ಲಿಕ್ ನಿಯಮ ತಾನಾಗೇ ನಡೆಯುತ್ತೆ. ತೊಂದರೆ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್. ಹೊಸದಾಗಿ ಕೊಂಡ 64 ಜಿಬಿ ಕಾರ್ಡ್ ಹಾಕಿದರೆ ಹಳೇ ಕ್ಯಾಮೆರಾ ಓದದೇ ಇರಬಹುದು. ಮೊದಮೊದಲ ಎಸ್‌ಡಿ ಕಾರ್ಡ್‌ಗಳ ಮಿತಿ 2 ಜಿಬಿ, ಆಮೇಲೆ ಬಂದ ಎಸ್‌ಡಿಎಚ್‌ಸಿಯದ್ದು 32 ಜಿಬಿ. ಕ್ಯಾಮೆರಾ ಕೆಟ್ಟಿದೆ ಅಂತ ಬಿಸಾಡುವ ಮೊದಲು ಸಣ್ಣ ಕಾರ್ಡ್ ಹಾಕಿ ನೋಡಿ. ತರಗತಿಯ ಹಿಂದಿನ ದಿನವೇ ನೋಡಿ.

ಆಟಿಕೆ ಕ್ಯಾಮೆರಾ ತಂದವರನ್ನು ವಾಪಸ್ ಕಳಿಸಬೇಡಿ. ಬಿಸಿಲಲ್ಲಿ, ಎರಡು ಮೂರು ಹೆಜ್ಜೆ ದೂರದಿಂದ ತೆಗೆದರೆ ಅದೂ ಕೆಲಸ ಮಾಡುತ್ತೆ. ಒಳಗೆ ತೆಗೆದರೆ ನಿರಾಸೆ ಖಂಡಿತ.

ಕೈಕೆಲಸದ ಸಮಯಕ್ಕೆ ಕ್ಯಾಮೆರಾನೇ ಬೇಡ. ರಟ್ಟಿನಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಕಿಂಡಿ ಕತ್ತರಿಸಿ ಅದರೊಳಗಿಂದ ಲೋಕ ನೋಡೋದು, ಕಣ್ಣಿಗೆ ಹತ್ತಿರ ತಂದರೆ ಏನಾಗುತ್ತೆ, ದೂರ ಹಿಡಿದರೆ ಏನಾಗುತ್ತೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ ಒಂದು ಸಣ್ಣ ತೂತು ಬಿಟ್ಟರೆ ಕೋಣೆಯೇ ಕ್ಯಾಮೆರಾ ಆಗುತ್ತೆ. ಹೊರಗೆ ಒಳ್ಳೆ ಬಿಸಿಲಿದ್ದರೆ ಎದುರು ಗೋಡೆಯ ಮೇಲೆ ಮರ, ಕಟ್ಟಡ ಎಲ್ಲಾ ತಲೆಕೆಳಗಾಗಿ ಬರುತ್ತೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಐದಾರು ನಿಮಿಷ ಬೇಕು, ಅಷ್ಟರಲ್ಲಿ "ಏನೂ ಕಾಣ್ತಿಲ್ಲ" ಅಂತ ಗಲಾಟೆ ಆಗುತ್ತೆ, ತಡೆದುಕೊಳ್ಳಿ. ಕತ್ತಲೆಗೆ ಹೆದರುವ ಮಗು ಇದ್ದರೆ ಬಾಗಿಲ ಹತ್ತಿರ ನಿಲ್ಲಿಸಿ. ಇನ್ನೊಂದು, ಬಿಸಿಲಿಗೆ ನೀಲಿಯಾಗುವ ಕಾಗದ, ಸಯನೋಟೈಪ್. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು, ಮರುವರ್ಷವೇ ಸಸ್ಯವಿಜ್ಞಾನಿ ಆನಾ ಆಟ್ಕಿನ್ಸ್ ಅದರಲ್ಲಿ ಪಾಚಿಗಳ ಚಿತ್ರ ತೆಗೆದು ಪುಸ್ತಕ ಮಾಡತೊಡಗಿದರು. ಎಲೆ ಇಡು, ಕೆಲವು ನಿಮಿಷ ಬಿಸಿಲಿಗೆ ಹಿಡಿ, ನೀರಲ್ಲಿ ತೊಳೆ. ಮೋಡ ಇದ್ದರೆ ತುಂಬಾ ಹೊತ್ತು ಬೇಕು. ರಾಸಾಯನಿಕ ಕಲಸೋದು ಬೇಡ, ಮೊದಲೇ ಲೇಪನ ಮಾಡಿದ ಕಾಗದ ತನ್ನಿ.

ಸುರಕ್ಷತೆಯಲ್ಲಿ ಒಂದಕ್ಕೆ ರಿಯಾಯಿತಿ ಇಲ್ಲ: ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡುವಂತಿಲ್ಲ. ಲೆನ್ಸ್ ಬಿಸಿಲನ್ನು ಒಟ್ಟುಗೂಡಿಸಿ ಕಣ್ಣಿಗೇ ಬಿಡುತ್ತೆ.

ಜನರ ಫೋಟೋ ನಾಲ್ಕನೇ ವಾರಕ್ಕಿಂತ ಮೊದಲು ಬೇಡ. ಅಷ್ಟರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಪರಿಚಯ ಆಗಿರುತ್ತಾರೆ, ಕೇಳಿ ತೆಗೆಯೋದು ಕಲಿಯೋಕೆ ಸುಲಭ. ಯಾರಾದರೂ ಬೇಡ ಅಂದರೆ ಬೇಡ, ಯಾಕೆ ಅಂತ ಕೇಳುವಂತಿಲ್ಲ. ತೆಗೆದ ಮೇಲೆ ಬೇಡ ಅಂದರೂ ಅಷ್ಟೇ, ಅಳಿಸಬಾರದು ಅನ್ನುವ ನಿಯಮಕ್ಕೆ ಇದೊಂದೇ ವಿನಾಯಿತಿ. ಪೋಷಕರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಗೋಡೆಗೆ ಹಾಕಲು ಒಂದು, ಇಂಟರ್ನೆಟ್‌ಗೆ ಹಾಕಲು ಇನ್ನೊಂದು, ಎರಡೂ ಬೇರೆ ಬೇರೆ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಜೊತೆಗೇ ತೆಗೆದ ಜಾಗವೂ ದಾಖಲಾಗುತ್ತೆ, ಮೊದಲ ದಿನವೇ ಅದನ್ನು ಆಫ್ ಮಾಡಿಸಿ.

ಐದನೇ ವಾರ ಮೂರು ಫೋಟೋದಲ್ಲಿ ಒಂದು ಕಥೆ ಹೇಳಿಸಿ. ಆವತ್ತಿಗೆ ಒಂದೂವರೆ ನಿಮಿಷದ ಲೆಕ್ಕ ಮೂರು ಚಿತ್ರಕ್ಕೂ ಸೇರಿ ಮೂರು ನಿಮಿಷ ಆಗುತ್ತೆ, ಗಡಿಯಾರ ಕೆಡಲ್ಲ. ಆರನೇ ವಾರ ಪ್ರದರ್ಶನ. ಪ್ರತಿ ಮಗುವಿನದ್ದೂ ಒಂದೇ ಗಾತ್ರದ ಎರಡೇ ಚಿತ್ರ, ಆರಿಸೋದು ಮಗುವೇ. ನಿಮಗೆ ಅದಕ್ಕಿಂತ ಚೆನ್ನಾಗಿರೋದು ಕಂಡರೂ ಬಾಯಿ ಮುಚ್ಚಿಕೊಂಡಿರಿ. ನನಗೆ ಇದು ಇವತ್ತಿಗೂ ಕಷ್ಟ. ಬಹುಮಾನ ಇಡಬೇಡಿ, ಇಟ್ಟರೆ ಮುಂದಿನ ಸಲ ಎಲ್ಲರೂ ಗೆದ್ದ ಫೋಟೋ ಥರದ್ದೇ ತರುತ್ತಾರೆ.

ಡಿಎಸ್‌ಎಲ್‌ಆರ್ ತಂದ ಹುಡುಗನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಕೇಳೇ ಕೇಳ್ತೀರಿ. ಅದು ಅವನ ಕೈಗೆ ಭಾರ, ಬಿದ್ದರೆ ಹೊಣೆ ಯಾರು ಅನ್ನೋದು ಅವರಪ್ಪನ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾದ ವಿಷಯ. ತರೋದಾದರೆ ಪಟ್ಟಿ ಕುತ್ತಿಗೆಯಲ್ಲೇ ಇರಬೇಕು, ಮೋಡ್ ಆಟೋದಲ್ಲಿರಲಿ. ಉಳಿದವರು ಅವನ ಸುತ್ತ ಮುತ್ತಿಕೊಳ್ಳುತ್ತಾರೆ, ಅವನಿಗೂ ಸ್ವಲ್ಪ ಗತ್ತು ಬರುತ್ತೆ, ಅದು ಸಹಜ. ಅವನಿಗೂ 12 ಕ್ಲಿಕ್, ಎರಡೇ ಫೋಟೋ.